ಒಂದು ಹನಿ ಎಣ್ಣೆ, ಒಂದು ಹಳೇ ನೆಗೆಟಿವ್

ಬೋಂಡಾ ಕಟ್ಟಿಕೊಟ್ಟ ಪೇಪರನ್ನು ಎಂದಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? (ನಮ್ಮ ಮುಂಬೈಯವರು ವಡಾ ಪಾವ್ ಎಂದು ಓದಿಕೊಳ್ಳಿ.) ಎಣ್ಣೆ ಕುಡಿದ ಜಾಗದಲ್ಲಿ ಹಿಂದಿನ ಪುಟದ ಅಕ್ಷರ ಈ ಕಡೆಯಿಂದಲೇ ಓದಬಹುದು. ಒಣಗಿದ ಜಾಗದಲ್ಲಿ ಏನೂ ಕಾಣದು. ಕಾಗದವೇನೂ ತೆಳ್ಳಗಾಗಿಲ್ಲ, ಕರಗಿಯೂ ಇಲ್ಲ. ಹಾಗಾದರೆ ಆದದ್ದೇನು?

ಕಾಗದ ಅಂದರೆ ನಾರುಗಳ ಒಂದು ಸಿಕ್ಕು, ನಾರುಗಳ ಮಧ್ಯೆ ಗಾಳಿ. ಬೆಳಕು ಗಾಳಿಯಿಂದ ನಾರಿಗೆ, ನಾರಿನಿಂದ ಮತ್ತೆ ಗಾಳಿಗೆ ದಾಟುವಾಗ ಪ್ರತಿ ಸಲವೂ ಒಂದಿಷ್ಟು ಬಾಗುತ್ತದೆ, ಒಂದಿಷ್ಟು ವಾಪಸು ಪುಟಿಯುತ್ತದೆ. ಹೀಗೆ ನೂರಾರು ಸಲ ಆದಮೇಲೆ ದಾರಿ ತಪ್ಪಿದ ಬೆಳಕು ಎಲ್ಲ ಕಡೆಗೂ ಚೆಲ್ಲಿ ಕಾಗದ ಬೆಳ್ಳಗೆ ಕಾಣುತ್ತದೆ. ಎಣ್ಣೆ ಬಂದು ಗಾಳಿಯನ್ನು ಓಡಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಹೈಸ್ಕೂಲಿನಲ್ಲಿ ವಕ್ರೀಭವನ ಸೂಚ್ಯಂಕ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ಗಾಳಿಗೆ ಅದು 1, ಅಡುಗೆ ಎಣ್ಣೆಗೆ ಸುಮಾರು 1.47, ಕಾಗದದ ನಾರಿಗೆ ಹತ್ತಿರ ಹತ್ತಿರ 1.5. ಎಣ್ಣೆಗೂ ನಾರಿಗೂ ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ಬೆಳಕಿಗೆ ಅಲ್ಲೊಂದು ಗಡಿ ಇದೆ ಅನ್ನುವುದೇ ತಿಳಿಯುವುದಿಲ್ಲ, ನೇರ ದಾಟಿ ಬರುತ್ತದೆ.

ಹಳೆಯ ನೆಗೆಟಿವ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡುವ ಹುಚ್ಚಿರುವವರು 'ವೆಟ್ ಮೌಂಟಿಂಗ್' ಎಂದು ಮಾತಾಡಿಕೊಳ್ಳುವುದು ಇದನ್ನೇ. ನೆಗೆಟಿವ್ ಮತ್ತು ಗಾಜಿನ ಮಧ್ಯೆ ಗಾಳಿಯ ಬದಲು ಒಂದು ತೆಳುವಾದ ದ್ರವದ ಪದರ. ಅಷ್ಟೇ. ಇದನ್ನು ಕಂಪ್ಯೂಟರ್ ಕಾಲದ ಕಂಡುಹಿಡಿತ ಅಂದುಕೊಂಡವರೇ ಹೆಚ್ಚು. ಆದರೆ ಈ ಉಪಾಯಕ್ಕೆ ನೆಗೆಟಿವ್‌ನಷ್ಟೇ ವಯಸ್ಸು, ಮತ್ತು ನಮ್ಮ ಹಂಪಿಯೂ ಇದರ ದಾರಿಯಲ್ಲಿ ಸಿಗುತ್ತದೆ.

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಕ್ಯಾಲೊಟೈಪ್ ಎಂಬ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದು ಎಂಬುದು ಅಲ್ಲಿಂದ ಶುರು. ಆದರೆ ಆ ನೆಗೆಟಿವ್ ಇದ್ದದ್ದು ಕಾಗದದ ಮೇಲೆ. ಬೆಳಕು ಕಾಗದವನ್ನು ದಾಟಬೇಕಾದರೆ ನಾರಿನ ಗೀಜು ಗೀಜು ಎಲ್ಲ ಪ್ರಿಂಟಿನಲ್ಲಿ ಮೂಡುತ್ತಿತ್ತು. ಅದಕ್ಕೆ ಅವರು ಮಾಡಿದ್ದು ಬೋಂಡಾ ಪೇಪರಿನ ಕೆಲಸವನ್ನೇ. ನೆಗೆಟಿವ್‌ಗೆ ಮೇಣ ಸವರಿ, ಬಿಸಿ ಮಾಡಿ, ನಾರುಗಳ ಒಳಗೆ ಇಳಿಸಿದರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಫೋಟೋ ತೆಗೆಯುವ ಮೊದಲೇ ಕಾಗದಕ್ಕೆ ಮೇಣ ಕುಡಿಸುವ ವಿಧಾನ ತಂದ. ಈ ಕಾಗದವನ್ನು ಮೊದಲೇ ತಯಾರಿಸಿ ಇಟ್ಟುಕೊಂಡು ದಿನಗಟ್ಟಲೆ ತಿರುಗಬಹುದಿತ್ತು. ಇಂಡಿಯಾದ ಬಿಸಿಲಿನಲ್ಲಿ ಎತ್ತಿನಗಾಡಿಯಲ್ಲಿ ಓಡಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು?

1855ರಲ್ಲಿ ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಸರ್ಕಾರ ಫೋಟೋ ತೆಗೆಯುವುದಕ್ಕೆಂದೇ ನೇಮಿಸಿತು. ಬಿಜಾಪುರ, ಐಹೊಳೆ, ಬಾದಾಮಿಯ ಬಹಳ ಹಳೆಯ ಫೋಟೋಗಳು ಅವನವು. ಅದೇ ಹೊತ್ತಿಗೆ, 1856ರ ಸುಮಾರಿಗೆ, ಮದ್ರಾಸ್ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ತಿರುಗಾಡಿ ಕಲ್ಲಿನ ರಥ, ಗೋಪುರ, ಮಂಟಪಗಳನ್ನೆಲ್ಲ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಒಂದೊಂದೂ ಒಂದೂವರೆ ಅಡಿಗೆ ಹತ್ತಿರದ ದೊಡ್ಡ ಹಾಳೆ. ಆಮೇಲೆ ಅವು ಎಲ್ಲೋ ಮೂಲೆ ಸೇರಿದವು. ಸುಮಾರು 60 ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದದ್ದು 1980ರಲ್ಲಿ, ಇಂಗ್ಲೆಂಡಿನಲ್ಲಿ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟ ಪುಸ್ತಕ ಸಿಕ್ಕರೆ ಬಿಡಬೇಡಿ. ಕಲ್ಲಿನ ರಥದ ಮೇಲೆ ಗ್ರೀನ್‌ಲಾ ಕಾಲದಲ್ಲಿ ಇಟ್ಟಿಗೆಯ ಶಿಖರ ಇತ್ತು, ಈಗ ಇಲ್ಲ. ನಮ್ಮ 50 ರೂಪಾಯಿ ನೋಟಿನ ಮೇಲಿರುವ ರಥ ಶಿಖರ ಕಳೆದುಕೊಂಡ ರಥ. ಇದ್ದದ್ದನ್ನು ತೋರಿಸುವುದು ಆ ಮೇಣದ ಕಾಗದ.

ಇನ್ನೊಂದು ಕವಲು ಸೂಕ್ಷ್ಮದರ್ಶಕದವರದ್ದು. ಇಟಲಿಯ ಅಮಿಚಿ 1840ರ ದಶಕದಲ್ಲೇ ಲೆನ್ಸು ಮತ್ತು ನೋಡುವ ವಸ್ತುವಿನ ಮಧ್ಯೆ ದ್ರವ ಹಾಕಿ ಪ್ರಯೋಗ ಮಾಡಿದ್ದ. 1878ರಲ್ಲಿ ಜರ್ಮನಿಯ ಯೇನಾದಲ್ಲಿ ಜೈಸ್ ಕಂಪನಿಯ ಅರ್ನ್ಸ್ಟ್ ಆಬೆ ಇದನ್ನು ಲೆಕ್ಕಾಚಾರಕ್ಕೆ ತಂದ. ಗಾಜಿನಷ್ಟೇ ಸೂಚ್ಯಂಕದ ದ್ರವ ಸಿಕ್ಕರೆ ಲೆನ್ಸಿನಿಂದ ಸ್ಲೈಡಿನ ತನಕ ಬೆಳಕಿಗೆ ಒಂದೇ ರಸ್ತೆ, ಮಧ್ಯೆ ಟೋಲ್ ನಾಕಾ ಇಲ್ಲ! ದೇವದಾರು ಜಾತಿಯ ಮರದ ಎಣ್ಣೆ, ಸೂಚ್ಯಂಕ 1.515, ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಬ್ಯಾಕ್ಟೀರಿಯಾ ಕಂಡದ್ದು ಇಂಥ ಎಣ್ಣೆ ಲೆನ್ಸಿನಿಂದ. ಕಫ ಪರೀಕ್ಷೆಗೆ ಕೊಟ್ಟಾಗ ಲ್ಯಾಬಿನಲ್ಲಿ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಡುವುದನ್ನು ಇವತ್ತಿಗೂ ನೋಡಬಹುದು.

ಇರಲಿ, ನೆಗೆಟಿವ್‌ಗೆ ಬರೋಣ. ಕಾಗದ ಹೋಗಿ ಗಾಜು ಬಂತು, 1889ರಲ್ಲಿ ಈಸ್ಟ್‌ಮನ್ ಕಂಪನಿ ಸೆಲ್ಯುಲಾಯ್ಡ್ ಫಿಲ್ಮ್ ರೋಲನ್ನು ಮಾರುಕಟ್ಟೆಗೆ ತಂದಿತು. ಸೆಲ್ಯುಲಾಯ್ಡ್ ಪಾರದರ್ಶಕ, ಮೇಣ ಬೇಕಿಲ್ಲ. ಆದರೆ ಮೆತ್ತಗೆ. ಗೀರು ಬಿಡುತ್ತದೆ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ನೆಗೆಟಿವ್‌ಗೆ ಎರಡು ಬದಿ. ಮಿರುಗುವುದು ಬೆನ್ನು, ಬರೀ ಪ್ಲಾಸ್ಟಿಕ್. ಮಂಕಾಗಿರುವುದು ಮುಖ, ಅಲ್ಲಿ ಜೆಲಟಿನ್ ಪದರದೊಳಗೆ ಬೆಳ್ಳಿಯ ಕಣಗಳಲ್ಲಿ ಚಿತ್ರ ಇರುತ್ತದೆ. ಬೆನ್ನಿನ ಮೇಲೆ ಗೀರು ಬಿದ್ದರೆ ಚಿತ್ರಕ್ಕೇನೂ ಆಗಿರುವುದಿಲ್ಲ, ಗೀರಿನ ಇಳಿಜಾರಿಗೆ ತಾಗಿದ ಬೆಳಕು ಅಡ್ಡದಾರಿ ಹಿಡಿಯುತ್ತದೆ, ಆ ಜಾಗಕ್ಕೆ ಬೆಳಕು ಸಾಲದೆ ಪ್ರಿಂಟಿನಲ್ಲಿ ಬಿಳಿ ಗೆರೆ ಬರುತ್ತದೆ. ಮುಖದ ಬದಿಯಲ್ಲಿ ಗೀರು ಆಳವಾಗಿ ಬಿದ್ದರೆ ಬೆಳ್ಳಿಯೇ ಕೆರೆದುಹೋಗಿರುತ್ತದೆ. ಬೆಳಕು ತಡೆಯುವವರಿಲ್ಲದೆ ಪ್ರಿಂಟಿನಲ್ಲಿ ಕಪ್ಪು ಗೆರೆ. ಬಿಳಿ ಗೆರೆ ಬೆಳಕಿನ ತಪ್ಪು, ಕಪ್ಪು ಗೆರೆ ನಿಜವಾದ ನಷ್ಟ.

ಬಿಳಿ ಗೆರೆಗೆ ಡಾರ್ಕ್‌ರೂಮಿನವರ ಬಳಿ ಒಂದು ಮದ್ದಿತ್ತು. ನಗಬೇಡಿ.. ಮೂಗಿನ ಎಣ್ಣೆ! ಮೂಗಿನ ಪಕ್ಕದ ಜಿಡ್ಡನ್ನು ಬೆರಳ ತುದಿಗೆ ತೆಗೆದುಕೊಂಡು ನೆಗೆಟಿವ್‌ನ ಬೆನ್ನಿನ ಮೇಲಿನ ಗೀರಿಗೆ ನವಿರಾಗಿ ಸವರುವುದು. ಗೀರು ತುಂಬಿಕೊಳ್ಳುತ್ತದೆ, ಗೆರೆ ಮಾಯ. ದೇಶ ಭಾಷೆಯ ಭೇದವಿಲ್ಲದೆ ಫೋಟೋಗ್ರಾಫರುಗಳೆಲ್ಲ ಮಾಡುತ್ತಿದ್ದ ಕೆಲಸವಿದು. ಸ್ವಲ್ಪ ನಾಜೂಕಿನವರು ವ್ಯಾಸಲೀನ್ ಇಟ್ಟುಕೊಳ್ಳುತ್ತಿದ್ದರು.

ಸಿನಿಮಾದವರಿಗೆ ಮೂಗು ಸಾಲದು. ಒಂದು ಸಿನಿಮಾದ ನೆಗೆಟಿವ್ ಅಂದರೆ ಸಾವಿರಾರು ಅಡಿ, ಮೇಲಾಗಿ ಒಂದೇ ನೆಗೆಟಿವ್‌ನಿಂದ ಪ್ರಿಂಟ್ ಮೇಲೆ ಪ್ರಿಂಟ್. ಊರಿನ ಟೂರಿಂಗ್ ಟಾಕೀಸಿನಲ್ಲಿ ನಾವು ನೋಡಿದ ಮಳೆ ನೆನಪಿದೆಯಲ್ಲ, ಕಥೆಯಲ್ಲಿ ಬಿರು ಬೇಸಿಗೆ ಇದ್ದರೂ ಪರದೆಯ ಮೇಲೆ ಮೇಲಿಂದ ಕೆಳಗೆ ಸುರಿಯುವ ಗೆರೆಗಳ ಮಳೆ! ಅದು ಪ್ರಿಂಟಿಗೆ ಬಿದ್ದ ಗೀರಾದರೆ ಇನ್ನೊಂದು ಪ್ರಿಂಟ್ ತರಬಹುದು. ನೆಗೆಟಿವ್‌ಗೇ ಬಿದ್ದರೆ ಅದರಿಂದ ಹುಟ್ಟುವ ಪ್ರತಿ ಪ್ರಿಂಟಿಗೂ ಹುಟ್ಟು ಮಚ್ಚೆ. 1957ರಲ್ಲಿ ಕೊಡಾಕ್ ಕಂಪನಿಯ ತಂತ್ರಜ್ಞರು ಅಮೆರಿಕದ ಚಲನಚಿತ್ರ ಎಂಜಿನಿಯರುಗಳ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ಪ್ರಕಟಿಸಿದರು. ಫಿಲ್ಮ್ ದ್ರವದಲ್ಲಿ ಮುಳುಗಿರುವಾಗಲೇ ಅದನ್ನು ಪ್ರಿಂಟ್ ಮಾಡುವುದು. ಲ್ಯಾಬಿನವರ ಬಾಯಲ್ಲಿ ಅದು 'ವೆಟ್ ಗೇಟ್'. ದ್ರವ ಯಾವುದು ಗೊತ್ತೇ? ಪರ್‌ಕ್ಲೋರೋಎಥಿಲೀನ್. ಡ್ರೈ ಕ್ಲೀನಿಂಗ್‌ನಿಂದ ಬಂದ ಕೋಟು, ರೇಷ್ಮೆ ಸೀರೆಗಳ ಒಂಥರಾ ಸಿಹಿ ವಾಸನೆ ಇರುತ್ತದಲ್ಲ, ಅದು. ಸೂಚ್ಯಂಕ 1.505, ಫಿಲ್ಮಿನ ಬೆನ್ನಿನದ್ದು 1.48. ಜೆಲಟಿನ್ ಉಬ್ಬುವುದಿಲ್ಲ, ಬೆಂಕಿ ಹತ್ತುವುದಿಲ್ಲ, ಬೇಗ ಆರುತ್ತದೆ. ಕೆಟ್ಟ ಗುಣ ಒಂದೇ. ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ಪದಾರ್ಥಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಸೇರಿಸಿದೆ. ಲ್ಯಾಬುಗಳ ಮುಚ್ಚಿದ ಯಂತ್ರದೊಳಗೆ ಸರಿ, ನಮ್ಮ ಒಂದು ಬೆಡ್‌ರೂಮಿನ ಫ್ಲಾಟಿಗೆ ಖಂಡಿತ ಬೇಡ.

ಆ ಹೊತ್ತಿಗೇ, 1950ರ ದಶಕದಲ್ಲಿ, ಇನ್ನೊಂದು ಸುದ್ದಿ ಕೊಡಾಕ್‌ಗೆ ತಲುಪಿತ್ತು. ನನಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ಹಳೆಯ ನೈಟ್ರೇಟ್ ಫಿಲ್ಮ್ ಬೆಂಕಿಗೆ ಮದ್ದಿನ ಪುಡಿಯ ತಮ್ಮ. ಅದರ ಬದಲು 1948ರಲ್ಲಿ ಟ್ರೈಅಸಿಟೇಟ್ ಎಂಬ 'ಸೇಫ್ಟಿ ಫಿಲ್ಮ್' ಬಂತು. ಇನ್ನು ಚಿಂತೆಯಿಲ್ಲ ಅಂದುಕೊಂಡರು. ಹತ್ತು ವರ್ಷ ತುಂಬುವ ಮೊದಲೇ ಆ ಫಿಲ್ಮ್ ತಾನಾಗಿ ಕೊಳೆಯುತ್ತಿದೆ ಎಂಬ ದೂರು ಬಂತು. ಮೊದಲ ದೂರು ಎಲ್ಲಿಂದ? ಭಾರತ ಸರ್ಕಾರದಿಂದ! ನಮ್ಮ ಸೆಖೆ, ನಮ್ಮ ತೇವಕ್ಕೆ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್, ಬಿಡತೊಡಗುತ್ತದೆ. ಆ ಆಮ್ಲವೇ ಮತ್ತಷ್ಟು ಒಡೆಯುವುದಕ್ಕೆ ಹುಳಿ ಹಿಂಡುತ್ತದೆ. ಫಿಲ್ಮ್ ಕುಗ್ಗುತ್ತದೆ, ಮುಖದ ಜೆಲಟಿನ್ ಕುಗ್ಗಲಾರದೆ ನೆರಿಗೆ ಬೀಳುತ್ತದೆ. ಇದಕ್ಕೆ ವಿನೆಗರ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು ಆಮೇಲೆ. ಅಮೆರಿಕದ ರೋಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್‌ನವರ ಅಂದಾಜಿನಂತೆ 21 ಡಿಗ್ರಿ, 50 ಶೇಕಡಾ ತೇವದಲ್ಲಿ ಇಟ್ಟರೆ ಹೊಸ ಅಸಿಟೇಟ್ ಫಿಲ್ಮಿಗೆ ಈ ರೋಗ ಶುರುವಾಗಲು ಸುಮಾರು 40 ವರ್ಷ. ಈಗ ಜುಲೈ ತಿಂಗಳ ಡೊಂಬಿವಲಿಯನ್ನೋ, ಮಂಗಳೂರನ್ನೋ ನೆನೆಸಿಕೊಳ್ಳಿ. ಬೆಲ್ಟಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ನೆಗೆಟಿವ್ ಏನಾಗಬೇಕು?

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತಯಾರಾದದ್ದು ಕನ್ನಡನಾಡಿನಲ್ಲಲ್ಲ, ಕೊಲ್ಹಾಪುರದ ಸ್ಟುಡಿಯೋದಲ್ಲಿ. ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಯಾವ ವೆಟ್ ಗೇಟ್ ಇದ್ದರೂ ಹಾಕುವುದಕ್ಕೆ ಫಿಲ್ಮ್ ಬೇಕಲ್ಲ? ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಪುಣ್ಯ ಮಾಡಿತ್ತು. ಅದರ ಮೂಲ ನೆಗೆಟಿವ್ ಪುಣೆಯ ಫಿಲ್ಮ್ ಆರ್ಕೈವ್ಸ್‌ನಲ್ಲಿ ಉಳಿದಿತ್ತು, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿಕೊಂಡು ನಡೆಸಿದ ಜೀರ್ಣೋದ್ಧಾರದ ನಂತರ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಸ್ಕ್ಯಾನರಿಗೆ ಬರುತ್ತೇನೆ. ಕಾಕತಾಳೀಯ ನೋಡಿ, ಅದೂ 1957. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ ರಸೆಲ್ ಕಿರ್ಶ್ ತನ್ನ ಮೂರು ತಿಂಗಳ ಮಗನ ಫೋಟೋವನ್ನು ತಿರುಗುವ ಉರುಳೆಗೆ ಅಂಟಿಸಿ ಕಂಪ್ಯೂಟರಿಗೆ ಇಳಿಸಿದ. ಉದ್ದಗಲ 176 ಚುಕ್ಕೆಗಳು ಮಾತ್ರ. ಮಸುಕು ಮಸುಕು ಮಗುವಿನ ಮುಖ. (ಮನುಷ್ಯ ಮೊದಲು ಸ್ಕ್ಯಾನ್ ಮಾಡಿದ್ದು ಕೂಡ ಮನೆಯವರ ಫೋಟೋವನ್ನೇ ಅನ್ನುವುದು ನನಗೆ ಖುಷಿ ಕೊಡುವ ವಿಷಯ.) ಆಮೇಲೆ ಮುದ್ರಣದವರ ಡ್ರಮ್ ಸ್ಕ್ಯಾನರುಗಳು ಬಂದವು. ಜರ್ಮನಿಯ ಹೆಲ್, ಇಂಗ್ಲೆಂಡಿನ ಕ್ರಾಸ್‌ಫೀಲ್ಡ್, ಒಂದೊಂದೂ ಕಬ್ಬಿಣದ ಕಪಾಟಿನ ಗಾತ್ರ. ಪಾರದರ್ಶಕ ಉರುಳೆಗೆ ಸ್ಲೈಡನ್ನು ಎಣ್ಣೆ ಹಾಕಿ ಅಂಟಿಸಿ ಗರಗರ ತಿರುಗಿಸುತ್ತಿದ್ದರು. ಕ್ಯಾಲೆಂಡರಿನ ದೇವರು, ಸೀರೆ ಅಂಗಡಿಯ ಜಾಹೀರಾತು ಎಲ್ಲ ಆ ಎಣ್ಣೆಯಿಂದ ಎದ್ದು ಬಂದವೇ. ಹಣ ಕೊಟ್ಟರೂ ಅಪ್ಪ ಅಮ್ಮನ ನೆಗೆಟಿವ್ ಹಿಡಿದುಕೊಂಡು ಅಲ್ಲಿಗೆ ಹೋಗುವ ಧೈರ್ಯ ನಮ್ಮಂಥವರಿಗೆ ಎಲ್ಲಿತ್ತು?

ಅದು ಮೇಜಿನ ಮೇಲೆ ಬಂದದ್ದು ಫ್ಲಾಟ್‌ಬೆಡ್ ಸ್ಕ್ಯಾನರಿನಿಂದ. 2006ರಲ್ಲಿ ಎಪ್ಸನ್ ಕಂಪನಿ ವಿ750 ಪ್ರೊ ಎಂಬ ಮಾದರಿಯ ಜೊತೆಗೆ ದ್ರವ ಹಾಕಿ ನೆಗೆಟಿವ್ ಕೂರಿಸುವ ಗಾಜಿನ ಚೌಕಟ್ಟನ್ನೇ ಕೊಟ್ಟಿತು. ಗೀರು, ಧೂಳು ಅಳಿಸಲು ಆಗಲೇ ಇನ್‌ಫ್ರಾರೆಡ್ ಕಿರಣದ ಡಿಜಿಟಲ್ ಐಸ್ ಎಂಬ ತಂತ್ರವಿತ್ತು, ಕಲರ್ ನೆಗೆಟಿವ್‌ಗೆ ಅದು ಸೊಗಸು. ಕಪ್ಪು ಬಿಳುಪಿಗೆ ನಡೆಯುವುದಿಲ್ಲ. ಬೆಳ್ಳಿ ಇನ್‌ಫ್ರಾರೆಡ್‌ಗೂ ಅಡ್ಡ ನಿಲ್ಲುತ್ತದೆ, ಯಂತ್ರಕ್ಕೆ ಅಜ್ಜನ ಮೀಸೆಯೂ ಧೂಳೂ ಒಂದೇ. ನಮ್ಮ ಹಿರಿಯರೆಲ್ಲ ಇರುವುದೇ ಕಪ್ಪು ಬಿಳುಪಿನಲ್ಲಿ, ಹಾಗಾಗಿ ಹಳೆಯ ಎಣ್ಣೆಯ ವಿದ್ಯೆಗೆ ಮತ್ತೆ ಬೆಲೆ ಬಂತು.

ನಮ್ಮಲ್ಲಿರುವುದು ಕ್ಲಿಕ್ ತ್ರೀ ಕಾಲದ ನೆಗೆಟಿವ್‌ಗಳು. ಆಗ್ಫಾದ ಆ ಕಪ್ಪು ಡಬ್ಬಿ ಅನೇಕರ ಮನೆಯಲ್ಲಿ ಇತ್ತು, 120 ಫಿಲ್ಮಿನ ಒಂದು ರೋಲಿಗೆ 12 ಚೌಕ ಚಿತ್ರ. ಅಪ್ಪ ಮುಂಬೈಗೆ ಬಂದ ಹೊಸತರಲ್ಲಿ ರೂಮಿನ ಗೆಳೆಯರೊಂದಿಗೆ ಚೌಪಾಟಿಯಲ್ಲಿ ನಿಂತದ್ದು, ಮದುವೆಯಾದ ಮೇಲೆ ಅಮ್ಮ ಚಾಳಿನ ಗ್ಯಾಲರಿಯಲ್ಲಿ ಬಾಲ್ದಿ ಪಕ್ಕ ನಿಂತದ್ದು. ಪ್ರಿಂಟುಗಳೆಲ್ಲ 'ನಾವು ಚೆನ್ನಾಗಿದ್ದೇವೆ' ಅನ್ನುವ ಸಾಕ್ಷಿಗೆ ಅಂಚೆಯಲ್ಲಿ ಊರಿಗೆ ಹೋಗಿ ಅಲ್ಲಿ ಗೆದ್ದಲಿಗೆ ಆಹುತಿ ಆದವು. ನೆಗೆಟಿವ್ ಇಲ್ಲಿ ಅಟ್ಟದ ಮೇಲೆ ಉಳಿಯಿತು. ವಲಸೆ ಬಂದವರ ಮನೆಗಳಲ್ಲಿ ಇದೇ ಕಥೆ ಎಷ್ಟು ಸಲ ಕೇಳಿದ್ದೇನೋ. ಅಮ್ಮನ ಆ ನೆಗೆಟಿವ್‌ನಲ್ಲಿ ಎರಡು ಗೆರೆ. ಕೆನ್ನೆಯ ಮೇಲೊಂದು ಬಿಳಿ, ಸೆರಗಿನ ಮೇಲೊಂದು ಕಪ್ಪು. ದ್ರವ ಹಾಕಿ ಸ್ಕ್ಯಾನ್ ಮಾಡಿದಾಗ ಕೆನ್ನೆಯ ಗೆರೆ ಇರಲೇ ಇಲ್ಲ. ಅಷ್ಟು ವರ್ಷ ಅದು ಅಮ್ಮನ ಮೇಲೆ ಇರಲಿಲ್ಲ, ಪ್ಲಾಸ್ಟಿಕ್ಕಿನ ಬೆನ್ನ ಮೇಲಿತ್ತು. ಸೆರಗಿನ ಗೆರೆ ಹಾಗೇ ಇದೆ, ಅಲ್ಲಿ ಬೆಳ್ಳಿಯೇ ಹೋಗಿದೆ. ಅದನ್ನು ಫೋಟೋಶಾಪಿನಲ್ಲಿ ತುಂಬಬಹುದು, ನಾನು ತುಂಬಿಲ್ಲ.

ಮಾಡುವ ಕ್ರಮ ಕಷ್ಟದ್ದೇನಲ್ಲ. ಧೂಳು ಊದಿ ತೆಗೆದು, ಗಾಜಿನ ಮೇಲೆ ಕೆಲವು ಹನಿ, ಅದರ ಮೇಲೆ ನೆಗೆಟಿವ್, ಮೇಲೆ ಮತ್ತೆ ಕೆಲವು ಹನಿ, ಅದರ ಮೇಲೆ ತಿಳಿಯಾದ ಪಾಲಿಯೆಸ್ಟರ್ ಹಾಳೆ. ಮಧ್ಯದಿಂದ ಅಂಚಿಗೆ ಮೆಲ್ಲಗೆ ಒತ್ತಿ ಗುಳ್ಳೆ ಓಡಿಸಬೇಕು. ದೋಸೆ ಹುಯ್ದ ಕೈಗೆ ಇದು ಹೇಳಿಕೊಡಬೇಕಿಲ್ಲ. ಚಾಪೆಯಂತೆ ಸುರುಳಿ ಸುತ್ತುವ 120 ಫಿಲ್ಮ್ ಗಾಜಿಗೆ ಮಟ್ಟಸವಾಗಿ ಅಂಟಿ ಕೂರುತ್ತದೆ. ನನ್ನ ಪ್ರಕಾರ ದೊಡ್ಡ ಲಾಭ ಇದೇ, ಅಂಚಿನಿಂದ ಅಂಚಿಗೆ ಫೋಕಸ್ ಒಂದೇ ಸಮ. ಒಣ ಫಿಲ್ಮನ್ನು ಬರೀ ಗಾಜಿಗೆ ಒತ್ತಿದರೆ ಬರುವ ಕಾಮನಬಿಲ್ಲಿನ ಉಂಗುರಗಳೂ ಇರುವುದಿಲ್ಲ. ಅವಕ್ಕೆ ನ್ಯೂಟನ್ನನ ಹೆಸರಿದೆ, 1704ರ 'ಆಪ್ಟಿಕ್ಸ್' ಪುಸ್ತಕದಲ್ಲಿ ಅಳತೆ ಸಮೇತ ಬರೆದಿಟ್ಟದ್ದು ಅವನೇ. ಹೋಲ್ಡರಿಗೆಂದು ಇರುವ ಲೆನ್ಸು ಗಾಜಿನಿಂದ ಕೆಲವು ಮಿಲಿಮೀಟರ್ ಮೇಲೆ ನೋಡುತ್ತದೆ, ಆ ಎತ್ತರ ಹೊಂದಿಸಿಕೊಳ್ಳಿ. ದ್ರವ ಸ್ಕ್ಯಾನರಿನೊಳಗೆ ಇಳಿದರೆ ಸ್ಕ್ಯಾನರಿಗೆ ತಿಥಿ. ಸ್ಕ್ಯಾನರ್ ಬಿಟ್ಟು ಲೈಟ್ ಬಾಕ್ಸ್ ಮೇಲೆ ಇಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಯುವವರೂ ಇದೇ ಉಪಾಯ ಮಾಡಬಹುದು.

ಯಾವ ದ್ರವ? ಕಾಮಿ, ಲ್ಯೂಮಿನಾ ಎಂಬ ಹೆಸರಿನವು ಇದಕ್ಕೆಂದೇ ಮಾಡಿದವು, ಆರಿ ಹೋಗುತ್ತವೆ, ಜಿಡ್ಡು ಉಳಿಯುವುದಿಲ್ಲ. ಕಿಟಕಿ ತೆರೆದಿರಲಿ, ಊದುಬತ್ತಿ, ಸೊಳ್ಳೆಬತ್ತಿ, ಗ್ಯಾಸ್ ಎಲ್ಲ ದೂರ. ನೀರು ಬೇಡ, ಜೆಲಟಿನ್ ಉಬ್ಬುತ್ತದೆ. ಕೊಬ್ಬರಿ ಎಣ್ಣೆಯ ಆಸೆ ಯಾರಿಗಾದರೂ ಬಂದಿದ್ದರೆ ಬಿಟ್ಟುಬಿಡಿ, ಮತ್ತೆ ಅದನ್ನು ತೆಗೆಯುವವರು ಯಾರು? ಇನ್ನೊಂದು, ಇದು ತಿಳಿಯದೆ ಹಾಳಾಗುವಂಥದ್ದು. ಊರಿನ ಹಳೇ ಸ್ಟುಡಿಯೋದವರು ಮುಖದ ಸುಕ್ಕು, ಸಿಡುಬಿನ ಕಲೆ ಮರೆಸಲು ನೆಗೆಟಿವ್ ಮೇಲೆ ತೆಳುವಾಗಿ ವಾರ್ನಿಷ್ ಸವರಿ ಚೂಪು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಓರೆಯಾಗಿ ಹಿಡಿದು ನೋಡಿದರೆ ಆ ಗೀಚು ಕಾಣುತ್ತದೆ. ದ್ರವ ಅದನ್ನು ತೊಳೆದುಬಿಡಬಹುದು. ಅಂಥ ನೆಗೆಟಿವ್ ಒಣಗಿದ್ದೇ ಸ್ಕ್ಯಾನ್ ಆಗಲಿ, ಅಜ್ಜಿ ಹಣ ಕೊಟ್ಟು ಮಾಡಿಸಿಕೊಂಡ ಚಂದ ಅದು.

ಎಲ್ಲಕ್ಕೂ ದ್ರವ ಹಾಕುತ್ತೇನೆಂದು ಹೊರಟರೆ ಮೂರು ರಜೆಯಲ್ಲೂ ಮುಗಿಯದು, ಬೇಕಾಗಿಯೂ ಇಲ್ಲ. ಗೀರಿಲ್ಲದ, ಮಟ್ಟಸವಾದ ನೆಗೆಟಿವ್‌ನಲ್ಲಿ ಒಣಗಿದ್ದಕ್ಕೂ ನೆನೆದದ್ದಕ್ಕೂ ನನಗಂತೂ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ಮೊದಲು ಎಲ್ಲವನ್ನೂ ಒಣಗಿದ್ದೇ ಸ್ಕ್ಯಾನ್ ಮಾಡಿ, ಗೀರು ಮತ್ತು ಸುರುಳಿಯವನ್ನು ಆಮೇಲೆ ಆರಿಸಿಕೊಳ್ಳಿ. ಅದಕ್ಕೂ ಮೊದಲು ಕವರುಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ನೋಡಿ. ಹುಳಿ ವಾಸನೆ ಬಂದದ್ದನ್ನು ಆ ದಿನವೇ ಬೇರೆ ಡಬ್ಬಿಗೆ ಹಾಕಿ, ಅದರ ಆವಿ ಪಕ್ಕದ ಒಳ್ಳೆಯ ನೆಗೆಟಿವ್‌ಗೂ ರೋಗ ಹತ್ತಿಸುತ್ತದೆ. ಅವು ನೆರಿಗೆ ಕಟ್ಟುವ ಮೊದಲು ಸ್ಕ್ಯಾನರ್ ಹತ್ತಲಿ.